ಮಳೆಗಾಲದ ಮಲೆನಾಡಿನಲ್ಲಿ ಮೂರು ಹತ್ತಿ ಕಾಗದಗಳು: ಜಲವರ್ಣ ಕಲಾವಿದರಿಗೊಂದು ವಿಮರ್ಶೆ

ಒಣಹವೆಯ ಊರುಗಳಲ್ಲಿ ಕುಳಿತು ಬರೆದ ಜಲವರ್ಣ ಕಾಗದದ ವಿಮರ್ಶೆಗಳು ಜುಲೈ ತಿಂಗಳ ತೀರ್ಥಹಳ್ಳಿಗೆ ಒಗ್ಗುವುದಿಲ್ಲ. ಹತ್ತು ನಿಮಿಷದಲ್ಲಿ ಒಣಗುತ್ತದೆ ಎಂದು ಅವುಗಳಲ್ಲಿ ಬರೆದಿರುವ ಬಣ್ಣದ ಪದರ ಇಲ್ಲಿ ಮುಕ್ಕಾಲು ಗಂಟೆಯ ಮೇಲೂ ಕೈಗೆ ತಣ್ಣಗೆ ತಾಗುತ್ತದೆ. ಮೇಜಿನ ಮೇಲೆ ಮಟ್ಟಸವಾಗಿ ಮಲಗಿದ್ದ ಹಾಳೆ, ಯಾರೂ ಮುಟ್ಟದಿದ್ದರೂ, ಮರುದಿನ ಬೆಳಗಿಗೆ ಅಂಚುಗಳಲ್ಲಿ ಎದ್ದು ಕುಳಿತಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಗಾಳಿಯೇ ನೀರು ಹೊತ್ತು ನಿಂತಿರುವಾಗ ಕಾಗದದ ನೀರನ್ನು ಯಾರು ಹೀರಿಕೊಳ್ಳಬೇಕು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಮ್ಮ ಕಲಾವಿದರ ಕೈಗೆ ಸಾಮಾನ್ಯವಾಗಿ ಸಿಗುವ ಮೂರು ಕಾಗದಗಳನ್ನು, ಎಂದರೆ ಫ್ರಾನ್ಸಿನ ಆರ್ಚಸ್, ಇಂಗ್ಲೆಂಡಿನ ಸಾಂಡರ್ಸ್ ವಾಟರ್‌ಫರ್ಡ್ ಮತ್ತು ಇಟಲಿಯ ಫ್ಯಾಬ್ರಿಯಾನೋ ಆರ್ಟಿಸ್ಟಿಕೋಗಳನ್ನು, ಒಂದು ಮಳೆಗಾಲ ಪೂರ್ತಿ ಅಕ್ಕಪಕ್ಕದಲ್ಲಿಟ್ಟು ಬಳಸಿ ನೋಡಿದ್ದೇನೆ. ಮೂರೂ ಶೇಕಡಾ 100 ಹತ್ತಿಯವು, ಮೂರೂ 300 ಜಿಎಸ್‌ಎಂ ತೂಕದವು (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕ), ಮೂರೂ ಕೋಲ್ಡ್ ಪ್ರೆಸ್, ಎಂದರೆ ತೀರ ನುಣುಪೂ ಅಲ್ಲದ ತೀರ ಒರಟೂ ಅಲ್ಲದ ಮೈಯವು. ಬಿಡಿಬಿಡಿ ಹಾಳೆಗಳಾಗಿಯೇ ಕೊಂಡವು.

ಇದು ಜಲವರ್ಣವನ್ನು ಈಗಷ್ಟೇ ಹಿಡಿದವರಿಗಾಗಿ ಬರೆದದ್ದಲ್ಲ. ತೆಳು ಬಣ್ಣವನ್ನು ಒಂದೇ ಸಮನೆ ಹರಡುವ ಚಪ್ಪಟೆ ವಾಶ್, ಬರಬರುತ್ತ ತಿಳಿಯಾಗಿಸುವ ಇಳಿಮುಖದ ವಾಶ್ ಕೈಗೆ ಕೂತಿರುವ, ಒದ್ದೆಯಲ್ಲಿ ಒದ್ದೆ ಹಚ್ಚುವುದು, ಪದರದ ಮೇಲೆ ಪದರ ತರುವುದು, ಹಚ್ಚಿದ ಬಣ್ಣವನ್ನು ಎತ್ತಿ ತೆಗೆಯುವುದು ಮುಂತಾದ ಕಸುಬುಗಳಲ್ಲಿ ತೊಡಗಿ, ಬೇಕಾದ ಫಲ ಸಿಗದೆ ಕುಂಚವನ್ನೋ ಕೈಯನ್ನೋ ಶಪಿಸುತ್ತಿರುವವರನ್ನು ಉದ್ದೇಶಿಸಿ ಬರೆದದ್ದು. ಅವರಿಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬಣ್ಣಕ್ಕೆ ಮೀಸಲಿಟ್ಟ ಹಣದಲ್ಲಿ ಅರ್ಧವನ್ನು ಕಾಗದಕ್ಕೆ ವರ್ಗಾಯಿಸಬೇಕು. ಕಲಾವಿದರ ದರ್ಜೆಯ ದುಬಾರಿ ಬಣ್ಣವನ್ನು ಮರದ ತಿರುಳಿನ ಅಗ್ಗದ ಕಾಗದದ ಮೇಲೆ ಹಚ್ಚುವುದಕ್ಕಿಂತ ವಿದ್ಯಾರ್ಥಿ ದರ್ಜೆಯ ಬಣ್ಣವನ್ನು ಹತ್ತಿ ಕಾಗದದ ಮೇಲೆ ಹಚ್ಚುವುದರಲ್ಲಿ ಕಲಿಯುವುದಕ್ಕೆ ಹೆಚ್ಚಿನ ಅವಕಾಶವಿದೆ, ಅದರಲ್ಲೂ ನಮ್ಮ ಮಳೆಗಾಲದಲ್ಲಿ.

ಇದಕ್ಕೆ ಕಾರಣ ಕಾಗದದ ಒಳರಚನೆಯಲ್ಲಿದೆ. ಮರದ ತಿರುಳಿನ ಕಾಗದ ನೀರನ್ನು ತನ್ನ ಮೇಲ್ಮೈಯಲ್ಲಷ್ಟೇ ಹಿಡಿದು, ಅದನ್ನು ಅಲ್ಲಲ್ಲಿ ಬೇಗ, ಅಲ್ಲಲ್ಲಿ ತಡವಾಗಿ ಬಿಟ್ಟುಕೊಡುತ್ತದೆ. ಆದ್ದರಿಂದ ಒಂದೇ ವಾಶಿನ ಎರಡು ಮೂಲೆಗಳು ಎರಡು ಬೇರೆ ಬೇರೆ ಘಟ್ಟಗಳಲ್ಲಿರುತ್ತವೆ. ಹತ್ತಿಯ ಎಳೆಗಳು ನೀರನ್ನು ಒಳಕ್ಕೆ ಎಳೆದುಕೊಂಡು, ಹಾಳೆಯ ಉದ್ದಗಲಕ್ಕೂ ಹಂಚಿ, ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹೊರಬಿಡುತ್ತವೆ. ಆದರೆ ಬರೀ ಹತ್ತಿಯಿದ್ದರೆ ಕಾಗದ ಒತ್ತುಕಾಗದದಂತೆ ಬಣ್ಣವನ್ನೆಲ್ಲ ಕುಡಿದುಬಿಡುತ್ತದೆ. ಅದನ್ನು ತಡೆಯಲು ತಯಾರಿಕೆಯ ಹಂತದಲ್ಲಿ ಜೆಲಟಿನ್ ಅಥವಾ ಬೇರೊಂದು ಅಂಟಿನ ಲೇಪ ಕೊಡುತ್ತಾರೆ. ಇದನ್ನೇ ಸೈಜಿಂಗ್ ಎನ್ನುವುದು. ಬಣ್ಣದ ಕಣಗಳು ಮೇಲ್ಮೈಯಲ್ಲಿ ಎಷ್ಟು ಹೊತ್ತು ತೇಲಬೇಕು, ಎಷ್ಟು ಆಳಕ್ಕೆ ಇಳಿಯಬೇಕು, ಒಣಗಿದ ಮೇಲೆ ಮತ್ತೆ ಎಬ್ಬಿಸಿದರೆ ಏಳಬೇಕೋ ಬೇಡವೋ ಎಂಬುದನ್ನೆಲ್ಲ ನಿರ್ಧರಿಸುವುದು ಈ ಲೇಪ. ಮೂರು ಕಾಗದಗಳ ನಡುವಿನ ನಿಜವಾದ ವ್ಯತ್ಯಾಸವೂ ಮುಖ್ಯವಾಗಿ ಇಲ್ಲೇ ಇದೆ.

ಆರ್ಚಸ್ ಕಾಗದದ ಕಾರ್ಖಾನೆ ಫ್ರಾನ್ಸಿನ ವೋಜ್ ಪ್ರದೇಶದ್ದು. ತನ್ನ ಚರಿತ್ರೆಯನ್ನು ಅದು 1492ರಿಂದ ಎಣಿಸುತ್ತದೆ. ಅದರ ಲೇಪ ಜೆಲಟಿನ್‌ನದು, ಮೂರರಲ್ಲಿ ಅತ್ಯಂತ ಗಟ್ಟಿಯದೂ ಹೌದು. ಹಾಳೆಯನ್ನು ನೆನೆಸಿದಾಗ ಬರುವ ವಾಸನೆಯಿಂದಲೇ ಅದು ಗೊತ್ತಾಗುತ್ತದೆ. ಸಾಂಡರ್ಸ್ ವಾಟರ್‌ಫರ್ಡನ್ನು ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿರುವ ಸೇಂಟ್ ಕತ್‌ಬರ್ಟ್ಸ್ ಮಿಲ್ ತಯಾರಿಸುತ್ತದೆ. ಅದೂ ಜೆಲಟಿನ್ ಲೇಪದ್ದೇ, ಆದರೆ ಮೈ ಮೆದು. ಇಟಲಿಯ ಫ್ಯಾಬ್ರಿಯಾನೋ ಪಟ್ಟಣದ ಕಾಗದದ ಕಸುಬು 13ನೆಯ ಶತಮಾನದಷ್ಟು ಹಳೆಯದು. ಕಾಗದಕ್ಕೆ ಪ್ರಾಣಿಜನ್ಯ ಅಂಟನ್ನು ಲೇಪಿಸುವ ಪದ್ಧತಿಯನ್ನು ಯೂರೋಪಿಗೆ ಕಲಿಸಿದ ಹೆಗ್ಗಳಿಕೆಯಿರುವ ಆ ಊರಿನ ಆರ್ಟಿಸ್ಟಿಕೋ ಕಾಗದದ ಲೇಪದಲ್ಲಿ ಇಂದು ಪ್ರಾಣಿಜನ್ಯ ವಸ್ತು ಇಲ್ಲವೇ ಇಲ್ಲ ಎಂಬುದು ಒಂದು ಸೋಜಿಗ. ನಮ್ಮ ಕಡೆಯ ಕಟ್ಟಾ ಸಸ್ಯಾಹಾರಿ ಮನೆಗಳಲ್ಲಿ ಈ ಅಂಶವನ್ನು ಕೇಳಿ ತಿಳಿದುಕೊಂಡು ಕಾಗದ ಆರಿಸುವವರಿದ್ದಾರೆ. ಅಂಥವರಿಗೆ ಮೂರರಲ್ಲಿ ಆಯ್ಕೆ ಸುಲಭ. (ಕುಂಚದ ಕೂದಲಿನ ವಿಷಯಕ್ಕೆ ಅವರು ಇನ್ನೂ ಬಂದಂತಿಲ್ಲ.)

ಮೂರನ್ನೂ ತಯಾರಿಸುವುದು ನಿಧಾನವಾಗಿ ತಿರುಗುವ ಸಿಲಿಂಡರ್ ಅಚ್ಚಿನ ಯಂತ್ರದಲ್ಲಿ. ವೇಗದ ಯಂತ್ರದಲ್ಲಿ ಎಳೆಗಳೆಲ್ಲ ಒಂದೇ ದಿಕ್ಕಿಗೆ ಮಲಗುತ್ತವೆ. ಇಲ್ಲಿ ಹಾಗಾಗುವುದು ಕಡಿಮೆಯಾದ್ದರಿಂದ ಹಾಳೆ ನೆನೆದಾಗ ಒಂದೇ ದಿಕ್ಕಿಗೆ ಸುರುಳಿಯಾಗುವುದೂ ಕಡಿಮೆ. ತೇವದ ಊರಿನಲ್ಲಿ ಇದು ಸಣ್ಣ ಉಪಕಾರವೇನಲ್ಲ.

ಈಗ ಮುಖ್ಯ ವಿಷಯಕ್ಕೆ, ಎಂದರೆ ಮಂಜಿಗೆ ಬರುತ್ತೇನೆ. ಮಲೆನಾಡಿನಲ್ಲಿ ಜಲವರ್ಣ ಹಿಡಿದವರೆಲ್ಲ ಒಂದಲ್ಲ ಒಂದು ದಿನ ಆಗುಂಬೆ ಘಾಟಿಯ ಮಂಜನ್ನೋ ಕವಲೇದುರ್ಗದ ಕೋಟೆಯ ಮೇಲೆ ಇಳಿಯುವ ಮೋಡವನ್ನೋ ಬಿಡಿಸಲು ಹೊರಡುತ್ತಾರೆ, ಮತ್ತು ಬಹಳಷ್ಟು ಜನ ಅಲ್ಲೇ ಎಡವುತ್ತಾರೆ. ಮಂಜನ್ನು ಬಿಡಿಸುವುದೆಂದರೆ ಅಂಚುಗಳನ್ನು ಕಳೆದುಹಾಕುವುದು: ಬೆಟ್ಟದ ನೆತ್ತಿ ಒಂದು ಕಡೆ ಸ್ಪಷ್ಟವಾಗಿ ಕಂಡು, ಅದೇ ಗೆರೆ ಎರಡು ಅಂಗುಲದಾಚೆ ಬೆಳ್ಳಗೆ ಕರಗಿಹೋಗಬೇಕು. ಇದು ಒದ್ದೆಯಲ್ಲಿ ಒದ್ದೆ ಹಚ್ಚುವ ವಿಧಾನದಲ್ಲಿ ಮಾತ್ರ ಸಾಧ್ಯ. ಈ ವಿಧಾನದ ಗುಟ್ಟು ಕೈಚಳಕಕ್ಕಿಂತ ಹೆಚ್ಚಾಗಿ ಹೊತ್ತಿನ ಲೆಕ್ಕದಲ್ಲಿದೆ. ನೀರು ಹಚ್ಚಿದ ಹಾಳೆ ಮೊದಲು ಕನ್ನಡಿಯಂತೆ ಹೊಳೆಯುತ್ತದೆ. ಆಗ ಬಣ್ಣ ಮುಟ್ಟಿಸಿದರೆ ಅದು ಎಲ್ಲೆಂದರಲ್ಲಿ ಹರಿಯುತ್ತದೆ. ಅನಂತರ ಹೊಳಪು ಕುಗ್ಗಿ ರೇಷ್ಮೆಯ ಮಂಕು ಮಿನುಗು ಉಳಿಯುತ್ತದೆ. ದೂರದ ಬೆಟ್ಟಗಳಿಗೆ ಇದೇ ಸಮಯ. ಮಿನುಗೂ ಹೋಗಿ, ಅಂಗೈಯ ಹಿಂಬದಿಗೆ ತಣ್ಣಗೆ ತಾಗುವಷ್ಟೇ ತೇವ ಉಳಿದಾಗ ಹತ್ತಿರದ ಮರಗಳನ್ನು ಗಟ್ಟಿ ಬಣ್ಣದಲ್ಲಿ ಇಟ್ಟರೆ ಅವುಗಳ ಅಂಚು ಕೂದಲೆಳೆಯಷ್ಟು ಮಾತ್ರ ಹರಡುತ್ತದೆ. ಇಲ್ಲಿ ಎಂದೂ ಮರೆಯಬಾರದ ನಿಯಮ ಒಂದೇ: ಹಾಳೆಯ ಮೇಲಿರುವ ತೇವಕ್ಕಿಂತ ಕುಂಚದಲ್ಲಿರುವ ನೀರು ಕಡಿಮೆಯಿರಬೇಕು. ಹೆಚ್ಚಾದರೆ ಆ ನೀರು ಅರೆ ಒಣಗಿದ ಬಣ್ಣವನ್ನು ಹೊರಕ್ಕೆ ತಳ್ಳಿ, ಹಲ್ಲುಹಲ್ಲಾದ ಅಂಚಿನ ಕಲೆ ಬಿಡುತ್ತದೆ. ಬ್ಲೂಮ್ ಎಂದು ಕಲಾವಿದರು ಹೆಸರಿಟ್ಟು ಹೆದರುವುದು ಇದಕ್ಕೇ.

ಒಣ ಊರಿನಲ್ಲಿ ಈ ಮೂರು ಘಟ್ಟಗಳು ಒಂದರ ಹಿಂದೊಂದು ಓಡಿಹೋಗುವುದರಿಂದ ಕಲಾವಿದ ಅವಸರಪಡಬೇಕಾಗುತ್ತದೆ. ನಮ್ಮಲ್ಲಿ ಕಷ್ಟ ತಿರುಗುಮುರುಗು: ಮೊದಲ ಘಟ್ಟ ಮುಗಿಯುವುದೇ ಇಲ್ಲ. ಹೊಳಪು ಇಳಿಯಲೆಂದು ಕಾಯುತ್ತ ಕುಳಿತವನಿಗೆ ಬೇಸರ ಬಂದು, ಇನ್ನೂ ನೀರು ನಿಂತಿರುವಾಗಲೇ ಬೆಟ್ಟ ಇಟ್ಟುಬಿಡುತ್ತಾನೆ. ಒಣಗುವಷ್ಟರಲ್ಲಿ ಬೆಟ್ಟ ಅಳಿಸಿಹೋಗಿ ಬರೀ ಬೂದು ಉಳಿದಿರುತ್ತದೆ. ಇದರ ಜೊತೆಗೆ ಜಲವರ್ಣ ಒಣಗಿದಾಗ ಹೇಗೂ ಒಂದು ಪಟ್ಟು ತಿಳಿಯಾಗುತ್ತದೆ, ನಿಧಾನವಾಗಿ ಒಣಗುವ ಹಾಳೆಯಲ್ಲಿ ಬಣ್ಣ ಹೆಚ್ಚು ಆಳಕ್ಕೆ ಇಳಿದು ಇನ್ನಷ್ಟು ಮಂಕಾಗಿ ಕಾಣುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಮಂಜಿನ ಚಿತ್ರಕ್ಕೆ ನೀರನ್ನು ಧಾರಾಳವಾಗಿ ಸುರಿಯುವ ಅಗತ್ಯವಿಲ್ಲ. ಅಗಲ ಕುಂಚದಿಂದ ಒಮ್ಮೆ ನೆನೆಸಿ, ಹೀರಿಕೊಳ್ಳಲು ಬಿಟ್ಟು, ಎರಡನೆಯ ಸಲ ತೆಳುವಾಗಿ ನೆನೆಸಿ, ಹಿಂಡಿದ ಸ್ಪಂಜಿನಿಂದ ಹೆಚ್ಚಿನ ನೀರನ್ನು ಒರೆಸಿ ತೆಗೆದರೆ ನೇರವಾಗಿ ಎರಡನೆಯ ಘಟ್ಟಕ್ಕೆ ತಲುಪಬಹುದು. ಆ ಘಟ್ಟ ನಮ್ಮಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಇದು ಮಲೆನಾಡಿನ ಕಲಾವಿದನಿಗೆ ಹವೆಯೇ ಕೊಟ್ಟಿರುವ ಸವಲತ್ತು. ಬೆಂಗಳೂರಿನ ಬೇಸಿಗೆಯಲ್ಲಿ ಇದನ್ನು ಪಡೆಯಲು ಸ್ಪ್ರೇ ಬಾಟಲಿ ಹಿಡಿದು ಕೂರಬೇಕು.

ಈ ಪರೀಕ್ಷೆಯಲ್ಲಿ ಸಾಂಡರ್ಸ್ ವಾಟರ್‌ಫರ್ಡ್ ನನಗೆ ಎಲ್ಲಕ್ಕಿಂತ ಹಿಡಿಸಿತು. ಅದರ ಮೆದು ಮೈ ನೀರನ್ನು ಒಳಗೆಳೆದುಕೊಂಡು, ಮೇಲ್ಮೈಯಲ್ಲಿ ಕೊಚ್ಚೆ ನಿಲ್ಲಿಸದೆ, ಎರಡನೆಯ ಘಟ್ಟಕ್ಕೆ ಬೇಗ ಬರುತ್ತದೆ. ಬಣ್ಣ ಹರಡುವ ಅಂಚೂ ಮೃದುವಾಗಿ, ಊಹಿಸಬಹುದಾದಷ್ಟೇ ದೂರ ಹೋಗುತ್ತದೆ. ಅದರಲ್ಲಿ ಹೈ ವೈಟ್ ಎಂಬ ಹೆಚ್ಚು ಬಿಳುಪಿನ ಬಗೆಯೊಂದಿದೆ. ನಮ್ಮ ಮಂಜಿನ ಬಿಳುಪು ತಂಪು ಬೂದಿನ ಕಡೆಗೆ ವಾಲುವಂಥದ್ದಾದ್ದರಿಂದ ಕೆನೆಬಣ್ಣದ ಹಾಳೆಗಿಂತ ಇದೇ ಒಪ್ಪುತ್ತದೆ ಎಂದು ನನ್ನ ಅನಿಸಿಕೆ. ಆರ್ಚಸ್‌ನಲ್ಲಿ ಗಟ್ಟಿ ಲೇಪದ ಕಾರಣ ಬಣ್ಣ ಮೇಲೆಯೇ ಹೆಚ್ಚು ಹೊತ್ತು ಓಡಾಡುತ್ತದೆ. ತುಂಬಿದ ತುಂಗೆಯ ಕೆನ್ನೀರಿನಂಥ, ಬಣ್ಣಗಳು ಒಂದರೊಳಗೊಂದು ಸುಳಿಸುತ್ತಬೇಕಾದ ವಿಷಯಗಳಿಗೆ ಅದು ಸೊಗಸು, ಮಂಜಿನ ಮೌನಕ್ಕೆ ಸ್ವಲ್ಪ ಗದ್ದಲದ್ದು. ಫ್ಯಾಬ್ರಿಯಾನೋ ಇವೆರಡರ ನಡುವೆ ನಿಲ್ಲುತ್ತದೆ.

ಪದರದ ಮೇಲೆ ಪದರ ತರುವ ಗ್ಲೇಜಿಂಗ್ ಕೆಲಸಕ್ಕೆ ಬಂದರೆ ಸ್ಥಾನಗಳು ಅದಲುಬದಲಾಗುತ್ತವೆ. ಸಾಗರದ ಬಳಿಯ ಇಕ್ಕೇರಿಯ ಅಘೋರೇಶ್ವರ ದೇವಾಲಯವನ್ನು ತೆಗೆದುಕೊಳ್ಳಿ. ಕೆಳದಿಯ ನಾಯಕರ ಕಾಲದ ಆ ಕಲ್ಲುಗೋಡೆ ದೂರದಿಂದ ಒಂದೇ ಬೂದು. ಹತ್ತಿರ ನಿಂತರೆ ಅದರಲ್ಲಿ ಪಾಚಿಯ ಹಸಿರು, ಮಳೆನೀರು ಇಳಿದ ಕಪ್ಪು ಪಟ್ಟೆ, ಬಿಸಿಲು ಬಿದ್ದೆಡೆ ತೆಳು ಕಂದು, ನೆರಳಿನಲ್ಲಿ ನೇರಳೆ ಎಲ್ಲವೂ ಇವೆ. ಇವನ್ನೆಲ್ಲ ತಟ್ಟೆಯಲ್ಲಿ ಕಲಸಿ ಒಟ್ಟಿಗೇ ಹಚ್ಚಿದರೆ ರಾಡಿಯಾಗುತ್ತದೆ. ತೆಳುವಾದ ಪಾರದರ್ಶಕ ಪದರಗಳಾಗಿ, ಪ್ರತಿಯೊಂದೂ ಪೂರ್ತಿ ಒಣಗಿದ ಮೇಲೆಯೇ ಮುಂದಿನದನ್ನು ಹಚ್ಚಿದರೆ ಕೆಳಗಿನ ಬಣ್ಣ ಮೇಲಿನದರ ಮೂಲಕ ಕಂಡು ಕಲ್ಲಿಗೆ ಆಳ ಬರುತ್ತದೆ. ಇಲ್ಲಿ ಕಾಗದ ಮಾಡಬೇಕಾದ ಕೆಲಸ, ಹೊಸ ಪದರದ ನೀರು ತಾಗಿದಾಗ ಹಳೆಯ ಪದರವನ್ನು ಬಿಡದೆ ಹಿಡಿದುಕೊಳ್ಳುವುದು. ಆರ್ಚಸ್ ಈ ಕೆಲಸದಲ್ಲಿ ಅಪ್ರತಿಮ. ಆರೇಳು ಪದರಗಳಾದರೂ ಕೆಳಗಿನದು ಕದಲುವುದಿಲ್ಲ, ಮೈ ನವೆಯುವುದಿಲ್ಲ, ಮತ್ತು ಒಣಗಿದ ಮೇಲೆ ಒಳಗಿನಿಂದ ಬೆಳಕು ಬರುವಂತೆ ಕಾಣುತ್ತದೆ. ಸಾಂಡರ್ಸ್ ಕೂಡ ಚೆನ್ನಾಗಿ ತಾಳುತ್ತದೆ, ಆದರೆ ಕುಂಚದ ಒತ್ತಡ ಹಗುರವಾಗಿರಬೇಕು.

ಪೂರ್ತಿ ಒಣಗುವುದು ಎಂದರೇನು ಎಂಬ ಪ್ರಶ್ನೆ ಮಳೆಗಾಲದಲ್ಲಿ ಗಂಭೀರವಾದದ್ದು. ಕಣ್ಣಿಗೆ ಒಣಗಿದಂತೆ ಕಾಣುವ ಹತ್ತಿ ಕಾಗದದ ಒಡಲಲ್ಲಿ ತೇವ ಬಹಳ ಹೊತ್ತು ಉಳಿದಿರುತ್ತದೆ. ಅದರ ಮೇಲೆ ಗ್ಲೇಜ್ ಹಚ್ಚಿದರೆ ಪದರಗಳು ಒಳಗೊಳಗೇ ಬೆರೆತು ಮಂಕಾಗುತ್ತವೆ. ಹೇರ್ ಡ್ರೈಯರನ್ನು ದೂರದಿಂದ, ಕಡಿಮೆ ಬಿಸಿಯಲ್ಲಿ, ಹೊಳಪೆಲ್ಲ ಹೋದ ಮೇಲಷ್ಟೇ ಬಳಸಬೇಕು. ನೀರು ನಿಂತಿರುವಾಗ ಗಾಳಿ ಊದಿದರೆ ಬಣ್ಣ ಅಂಚಿಗೆ ಸರಿದು ಗೆರೆಗಟ್ಟುತ್ತದೆ. ಕರೆಂಟು ಹೋದಾಗ, ನಮ್ಮಲ್ಲಿ ಅದು ಮಳೆಯ ಜೊತೆಗೇ ಹೋಗುವಂಥದ್ದು, ಬಚ್ಚಲೊಲೆಯ ಪಕ್ಕದ ಗೋಡೆಗೆ ಹಲಗೆಯನ್ನು ಒರಗಿಸಿಟ್ಟರೆ ಕೆಲಸ ನಡೆಯುತ್ತದೆ. ಹೊಗೆ ತಾಗದಂತೆ ನೋಡಿಕೊಂಡರೆ ಸಾಕು.

ಹಚ್ಚಿದ ಬಣ್ಣವನ್ನು ಎತ್ತಿ ಬೆಳಕು ತರುವ ಲಿಫ್ಟಿಂಗ್ ಎಂಬ ತಂತ್ರ ಅಡಿಕೆ ತೋಟದ ಚಿತ್ರಗಳಿಗೆ ಬಹಳ ಬೇಕಾದದ್ದು. ಸೋಗೆಗಳ ನಡುವಿನಿಂದ ಇಳಿಯುವ ಬಿಸಿಲುಕೋಲನ್ನು ಬಿಳಿ ಬಣ್ಣದಿಂದ ಹಚ್ಚಿದರೆ ಅದು ಸುಣ್ಣದ ಗೆರೆಯಾಗಿಬಿಡುತ್ತದೆ. ಒಣಗಿದ ಹಸಿರಿನ ಮೇಲೆ ನೆನೆದ ಚಪ್ಪಟೆ ಕುಂಚವನ್ನು ಒಂದೇ ದಿಕ್ಕಿನಲ್ಲಿ ಎಳೆದು, ಒಣ ಬಟ್ಟೆಯಿಂದ ಒತ್ತಿ ತೆಗೆದರೆ ಕೆಳಗಿನ ಕಾಗದದ ಬೆಳಕೇ ಬಿಸಿಲಾಗಿ ಕಾಣುತ್ತದೆ. ಜೋಗದ 253 ಮೀಟರ್ ಎತ್ತರದಿಂದ ಬೀಳುವ ನೀರಿನ ಸುತ್ತ ಏಳುವ ತುಂತುರನ್ನೂ ಹೀಗೆಯೇ ತರಬಹುದು. ನನ್ನ ಅನುಭವದಲ್ಲಿ ಈ ಕೆಲಸದಲ್ಲಿ ಫ್ಯಾಬ್ರಿಯಾನೋ ಮುಂದಿದೆ, ಅದರ ಹಿಂದೆ ಸಾಂಡರ್ಸ್. ಹಳೆಯ ಪದರವನ್ನು ಬಿಡದೆ ಹಿಡಿಯುವ ಆರ್ಚಸ್‌ನ ಗುಣವೇ ಇಲ್ಲಿ ಅಡ್ಡಿಯಾಗುತ್ತದೆ: ಗ್ಲೇಜಿಂಗ್‌ನಲ್ಲಿ ಬೇಕಾದದ್ದು ಲಿಫ್ಟಿಂಗ್‌ನಲ್ಲಿ ಬೇಡವಾಗುತ್ತದೆ, ಎರಡನ್ನೂ ಸಮನಾಗಿ ಕೊಡುವ ಕಾಗದವನ್ನು ನಾನು ಕಂಡಿಲ್ಲ. ಹಾಗೆಂದು ತಿಕ್ಕುವುದಕ್ಕೆ ಅದು ಅಂಜುವುದಿಲ್ಲ. ಗಟ್ಟಿ ಕೂದಲಿನ ಕುಂಚದಿಂದ ಪಟ್ಟು ಹಿಡಿದು ತೆಗೆದರೂ ಅದರ ಮೈ ಕಿತ್ತುಬರುವುದಿಲ್ಲ.

ಎತ್ತಿದರೆ ಏಳುವುದು, ಏಳದಿರುವುದು ಬಣ್ಣದ ಗುಣವೂ ಹೌದು, ಮತ್ತು ಈ ವಿಷಯದಲ್ಲಿ ನಮ್ಮ ಕಲಾವಿದರ ಅಲಕ್ಷ್ಯ ದೊಡ್ಡದು. ಟ್ಯೂಬಿನ ಮೇಲೆ ಬರೆದ ಚೆಂದದ ಹೆಸರನ್ನು ಬಿಟ್ಟು ಅದರ ಹಿಂಬದಿಯ ಪಿಗ್ಮೆಂಟ್ ಸಂಕೇತವನ್ನು ಓದಬೇಕು. ಪಿಬಿ 15 ಎಂದಿದ್ದರೆ ಅದು ಥ್ಯಾಲೋ ನೀಲಿ. ಅದರ ಕಣಗಳು ಅತಿಸೂಕ್ಷ್ಮವಾದ್ದರಿಂದ ಎಳೆಗಳೊಳಗೆ ಹೊಕ್ಕು ಕಲೆಯಾಗಿ ಉಳಿಯುತ್ತವೆ, ಯಾವ ಕಾಗದದಿಂದಲೂ ಪೂರ್ತಿ ಏಳುವುದಿಲ್ಲ. ಥ್ಯಾಲೋ ಹಸಿರು, ಅಂದರೆ ಪಿಜಿ 7, ಕೂಡ ಇದೇ ಜಾತಿ. ಪಿಬಿ 29 ಎಂದರೆ ಅಲ್ಟ್ರಾಮರೀನ್. ಅದರ ಕಣ ದಪ್ಪ, ಕಾಗದದ ತಗ್ಗುಗಳಲ್ಲಿ ಕೂತು ತರಿತರಿಯಾಗಿ ಕಾಣುತ್ತದೆ, ಎಬ್ಬಿಸಿದರೆ ಸಾಕಷ್ಟು ಏಳುತ್ತದೆ. ಅದನ್ನು ಪಿಬಿಆರ್ 7 ಸಂಕೇತದ ಬರ್ನ್ಟ್ ಸಿಯೆನ್ನಾದೊಂದಿಗೆ ಬೆರೆಸಿದರೆ ಬರುವ ಬೂದು, ಎರಡು ಬಣ್ಣಗಳು ಒಣಗುತ್ತ ಸ್ವಲ್ಪ ಬೇರ್ಪಡುವುದರಿಂದ, ಇಕ್ಕೇರಿಯ ಕಲ್ಲಿಗೂ ಕೂಡಲಿಯ ಸಂಗಮದ ಬಂಡೆಗಳಿಗೂ ಹೇಳಿಮಾಡಿಸಿದ್ದು. ಮಳೆಗಾಲದ ಕಾಡಿನ ಕಡುಹಸಿರಿಗೆ ಅಂಗಡಿಯ ಸಿದ್ಧ ಹಸಿರನ್ನು ಹಾಗೆಯೇ ಬಳಸಿದರೆ ಪ್ಲಾಸ್ಟಿಕ್ ಎಲೆಯಂತೆ ಕಾಣುತ್ತದೆ. ಕಪ್ಪಿಗೆ ಹತ್ತಿರದ ಪೆರಿಲೀನ್ ಹಸಿರನ್ನು, ಅದರ ಸಂಕೇತ ಪಿಬಿಕೆ 31, ನೆರಳಿಗೆ ಇಟ್ಟು, ಬೆಳಕಿನ ಕಡೆಗೆ ಹಳದಿಯನ್ನು ಒದ್ದೆಯಲ್ಲೇ ಬಿಟ್ಟರೆ ನಮ್ಮ ಘಟ್ಟದ ಹಸಿರು ತಕ್ಕಮಟ್ಟಿಗೆ ಕೈಗೆ ಬರುತ್ತದೆ. ಅಲ್ಟ್ರಾಮರೀನ್‌ನಂಥ ತರಿ ಬಣ್ಣಗಳು ಮಳೆಗಾಲದಲ್ಲಿ ಇನ್ನೂ ಚೆನ್ನಾಗಿ ತರಿಗಟ್ಟುತ್ತವೆ, ಏಕೆಂದರೆ ಕಣಗಳಿಗೆ ತಳಕ್ಕಿಳಿಯಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಆರ್ಚಸ್‌ನ ಒರಟು ತಗ್ಗುದಿಣ್ಣೆಗಳಲ್ಲಿ ಇದರ ಚೆಲುವು ಹೆಚ್ಚು, ಫ್ಯಾಬ್ರಿಯಾನೋದ ನವಿರು ಮೈಯಲ್ಲಿ ಕಡಿಮೆ.

ಒಣ ಕುಂಚದ ಕೆಲಸಕ್ಕೆ ಮಳೆಗಾಲದಲ್ಲಿ ಯಾವ ಕೋಲ್ಡ್ ಪ್ರೆಸ್ ಕಾಗದವೂ ಹೇಳಿಕೊಳ್ಳುವಂತೆ ಒದಗುವುದಿಲ್ಲ. ಹಾಳೆಯೇ ತೇವ ಹಿಡಿದಿರುವುದರಿಂದ ಕುಂಚವನ್ನು ಎಷ್ಟೇ ಹಿಂಡಿದರೂ ಗೆರೆಯ ಅಂಚು ಸ್ವಲ್ಪ ಮೆತ್ತಗಾಗುತ್ತದೆ. ಹಳೆಯ ಮರದ ಕಂಬದ ಬಿರುಕು, ಜಂಬಿಟ್ಟಿಗೆ ಕಲ್ಲಿನ ತೂತುಗಳು ಬೇಕಿದ್ದವರು ರಫ್ ಮೈಯ ಹಾಳೆ ಕೊಳ್ಳಲಿ, ಇಲ್ಲವೇ ನವೆಂಬರ್‌ವರೆಗೆ ಕಾಯಲಿ. ಮಾಸ್ಕಿಂಗ್ ಫ್ಲೂಯಿಡ್‌ನ ಬಗ್ಗೆ ಎಚ್ಚರಿಕೆಯ ಒಂದು ಮಾತು ಅಗತ್ಯ. ರಬ್ಬರಿನ ಹಾಲಿನಿಂದ ಮಾಡಿದ ಈ ದ್ರವವನ್ನು ಬೆಳ್ಳಗೆ ಉಳಿಯಬೇಕಾದ ಕಡೆ ಹಚ್ಚಿ, ಮೇಲೆ ಬಣ್ಣ ಹಾಕಿ, ಕೊನೆಗೆ ಉಜ್ಜಿ ತೆಗೆಯುತ್ತಾರೆ. ಅಡಿಕೆ ಮರಗಳ ಸಾಲನ್ನು ಉಳಿಸಿಕೊಳ್ಳಲು ಇದಕ್ಕಿಂತ ಸುಲಭದ ಉಪಾಯವಿಲ್ಲ. ಆದರೆ ಹಾಳೆ ಒಳಗೊಳಗೇ ತೇವವಾಗಿದ್ದರೆ ಆ ದ್ರವ ಎಳೆಗಳ ನಡುವೆ ಇಳಿದು ಗಟ್ಟಿಯಾಗುತ್ತದೆ, ತೆಗೆಯುವಾಗ ಕಾಗದದ ಚರ್ಮವನ್ನೇ ಸುಲಿದು ತರುತ್ತದೆ. ಹಚ್ಚುವ ಮುನ್ನ ಹಾಳೆಯನ್ನು ಬೆಚ್ಚಗೆ ಮಾಡಿಕೊಳ್ಳಬೇಕು, ಹಚ್ಚಿದ ದಿನವೇ ತೆಗೆದುಬಿಡಬೇಕು. ಮೆದು ಮೈಯ ಕಾಗದಗಳಲ್ಲಿ ಈ ಎಚ್ಚರ ಇನ್ನಷ್ಟು ಬೇಕು.

ಕಾಗದವನ್ನು ಯಾವ ರೂಪದಲ್ಲಿ ಕೊಳ್ಳಬೇಕು ಎಂಬ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ನಾಲ್ಕೂ ಅಂಚುಗಳನ್ನು ಅಂಟಿನಿಂದ ಹಿಡಿಸಿದ ಬ್ಲಾಕ್‌ಗಳು ನೋಡಲು ಅನುಕೂಲ. ಹಾಳೆಯನ್ನು ಹಲಗೆಗೆ ಎಳೆದು ಕಟ್ಟುವ ಶ್ರಮವಿಲ್ಲ, ಸಕ್ರೆಬೈಲಿನ ಹೊಳೆದಂಡೆಗೆ ಎತ್ತಿಕೊಂಡು ಹೋಗಬಹುದು. ಆದರೆ ಮಳೆಗಾಲದಲ್ಲಿ ಬ್ಲಾಕ್‌ನ ಮೇಲಿನ ಹಾಳೆಯ ತೇವ ಕೆಳಗಿನ ಹಾಳೆಗಳಿಗೂ ಇಳಿಯುತ್ತದೆ, ತಳದಿಂದ ಗಾಳಿಯಾಡದ ಕಾರಣ ಒಣಗುವುದು ಇನ್ನೂ ನಿಧಾನವಾಗುತ್ತದೆ. ನಾನು ಬಳಸಿದ ಒಂದು ಬ್ಲಾಕ್‌ನ ಅಂಚಿನ ಅಂಟು, ಅದರ ತಯಾರಕರ ಹೆಸರು ಇಲ್ಲಿ ಬೇಡ, ಆಗಸ್ಟ್ ಹೊತ್ತಿಗೆ ಮೆತ್ತಗಾಗಿ ವಾಶಿನ ನಡುವೆಯೇ ಹಾಳೆ ಉಬ್ಬಿ ಎದ್ದುಬಂದಿತ್ತು. ಅದಕ್ಕಿಂತ 22 ಅಂಗುಲಕ್ಕೆ 30 ಅಂಗುಲದ ಪೂರ್ಣ ಹಾಳೆಗಳನ್ನು ಕೊಂಡು, ಕತ್ತರಿಸಿಕೊಳ್ಳುವುದು ಲೇಸು: ನಾಲ್ಕು ಭಾಗ ಮಾಡಿದರೆ 11ಕ್ಕೆ 15 ಅಂಗುಲದ ತುಂಡುಗಳು, ಎಂಟು ಮಾಡಿದರೆ ಏಳೂವರೆಗೆ 11 ಅಂಗುಲದವು ಸಿಗುತ್ತವೆ. ಅಭ್ಯಾಸಕ್ಕೆ ಎಂಟನೆಯ ಒಂದು ಭಾಗ ಧಾರಾಳವಾಯಿತು, ಹಾಳೆಯ ಎರಡೂ ಮಗ್ಗುಲನ್ನು ಬಳಸಬಹುದು. 300 ಜಿಎಸ್‌ಎಂ ಹಾಳೆ ಚೆನ್ನಾಗಿ ನೆನೆದರೆ ಉಬ್ಬುತ್ತದೆ. ಆದ್ದರಿಂದ ಅರ್ಧ ಹಾಳೆಗಿಂತ ದೊಡ್ಡ ಚಿತ್ರಕ್ಕೆ ಅದನ್ನು ನೆನೆಸಿ, ದಪ್ಪ ಪ್ಲೈವುಡ್ ಹಲಗೆಯ ಮೇಲೆ ನೀರಂಟಿನ ಕಂದು ಟೇಪಿನಿಂದ ನಾಲ್ಕೂ ಕಡೆ ಹಿಡಿಸಿ, ಒಣಗಿ ಬಿಗಿಯಾದ ಮೇಲೆ ಬಳಸುವುದು ಕ್ಷೇಮ. ಈ ಬಿಗಿತಕ್ಕೆ ಮಳೆಗಾಲದಲ್ಲಿ ಒಂದು ಇಡೀ ರಾತ್ರಿ ಬಿಡಬೇಕಾಗುತ್ತದೆ.

ಇನ್ನು ಕಾಗದವನ್ನು ಇಟ್ಟುಕೊಳ್ಳುವ ವಿಷಯ. ಕೊಳ್ಳುವುದಕ್ಕಿಂತ ಇದಕ್ಕೇ ಹೆಚ್ಚು ಗಮನ ಬೇಕು, ಏಕೆಂದರೆ ಮಲೆನಾಡಿನಲ್ಲಿ ಒಳ್ಳೆಯ ಕಾಗದ ಹಾಳಾಗುವುದು ಚಿತ್ರ ಬರೆಯುವಾಗಲ್ಲ, ಕಪಾಟಿನಲ್ಲಿ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 65ನ್ನು ದಾಟಿ ಬಹುಕಾಲ ನಿಂತರೆ ಕಾಗದದ ಮೇಲೆ ಬೂಸ್ಟು ಬೆಳೆಯುವ ಅಪಾಯವಿದೆ. ನಮ್ಮ ಮಳೆಗಾಲದ ಮನೆಗಳಲ್ಲಿ ಅದು ತಿಂಗಳುಗಟ್ಟಲೆ ಅದಕ್ಕಿಂತ ಬಹಳ ಮೇಲಿರುತ್ತದೆ. ಬೂಸ್ಟಿನ ಮೊದಲ ಆಹಾರ ಆ ಅಂಟು ಲೇಪವೇ. ಹಾಳೆಯ ಮೇಲೆ ಕಣ್ಣಿಗೆ ಏನೂ ಕಾಣದಿರಬಹುದು, ವಾಶ್ ಹಚ್ಚಿದಾಗ ಮಾತ್ರ ಅಲ್ಲಲ್ಲಿ ಕಡುಬಣ್ಣದ ಚುಕ್ಕೆಗಳು ಏಳುತ್ತವೆ: ಲೇಪ ಸತ್ತ ಕಡೆಯಲ್ಲೆಲ್ಲ ಕಾಗದ ಬಣ್ಣವನ್ನು ಕುಡಿದಿರುತ್ತದೆ. ಅಂಥ ಹಾಳೆಯನ್ನು ಜಲವರ್ಣಕ್ಕೆ ಮರಳಿ ತರುವುದು ಬಹಳ ಕಷ್ಟ. ಪೆನ್ಸಿಲಿಗೋ ದಪ್ಪ ಗ್ವಾಷ್ ಬಣ್ಣಕ್ಕೋ ಇಟ್ಟುಕೊಳ್ಳಬೇಕು. ಅಂಗಡಿಯಲ್ಲಿ ಹಿಂದಿನ ಮಳೆಗಾಲ ಕಂಡ ಹಾಳೆಗಳನ್ನು ರಿಯಾಯಿತಿಯಲ್ಲಿ ಕೊಟ್ಟರೂ ಕೊಳ್ಳುವ ಮುನ್ನ ಒಂದು ತುಂಡಿನ ಮೇಲೆ ತೆಳು ವಾಶ್ ಹಚ್ಚಿ ನೋಡಲು ಕೇಳುವುದರಲ್ಲಿ ಸಂಕೋಚ ಬೇಡ. ಲೇಪದ ಆಸೆಗೆ ಬರುವ ಬೆಳ್ಳಿಹುಳುವಿನ ಕಾಟವೂ ಇದೆ. ಹಾಳೆಗಳನ್ನು ಗೋಡೆಗೆ ತಾಗದ ಕಡೆ, ದಪ್ಪ ಪಾಲಿಥಿನ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಾಳಿ ತೆಗೆದು ಮುಚ್ಚಿ, ಮಟ್ಟಸವಾಗಿ ಮಲಗಿಸಿಡಬೇಕು; ಆ ಪೊಟ್ಟಣಗಳನ್ನು ಆಗಾಗ ಬಿಸಿ ಮಾಡಿ ಮತ್ತೆ ಒಣಗಿಸಿಕೊಳ್ಳಬಹುದು. ಎಲ್ಲಕ್ಕಿಂತ ಒಳ್ಳೆಯ ಉಪಾಯವೆಂದರೆ ಮೇ ತಿಂಗಳಲ್ಲಿ ಕಟ್ಟುಗಟ್ಟಲೆ ಕೊಂಡು ದಾಸ್ತಾನು ಮಾಡದೆ, ಮಳೆಗಾಲದ ನಾಲ್ಕು ತಿಂಗಳಿಗೆ ಬೇಕಾಗುವಷ್ಟನ್ನು ಮಾತ್ರ ತರಿಸಿಕೊಳ್ಳುವುದು.

ಬೆಲೆಯ ಮಾತು ಹೇಳದಿದ್ದರೆ ವಿಮರ್ಶೆ ಅಪೂರ್ಣ. ಮೂರೂ ಹೊರದೇಶದಿಂದ ಬರುವ ಸರಕು, ದರ ಆಗಾಗ ಏರುತ್ತದೆ. ಒಂದು ಪೂರ್ಣ ಹಾಳೆಗೆ ಕೊಡುವ ಹಣದಲ್ಲಿ ವಿದ್ಯಾರ್ಥಿ ದರ್ಜೆಯ ಇಡೀ ಪುಸ್ತಕವೊಂದು ಬರುತ್ತದೆ ಎಂದರೆ ಅಂದಾಜು ಸಿಗುತ್ತದೆ. ಸಾಮಾನ್ಯವಾಗಿ ಮೂರರಲ್ಲಿ ಆರ್ಚಸ್ ದುಬಾರಿ. ಶಿವಮೊಗ್ಗದ ಗಾಂಧಿ ಬಜಾರ್, ದುರ್ಗಿಗುಡಿ ಕಡೆಯ ಸ್ಟೇಷನರಿ ಅಂಗಡಿಗಳಲ್ಲಿ ಶಾಲಾ ಮಕ್ಕಳ ಡ್ರಾಯಿಂಗ್ ಸಾಮಗ್ರಿ ಬೇಕಾದಷ್ಟು ಸಿಕ್ಕೀತು, ಇಂಥ ಹಾಳೆಗಳಿಗೆ ಬೆಂಗಳೂರಿನ ಕಲಾಸಾಮಗ್ರಿ ಅಂಗಡಿಗಳನ್ನೋ ಆನ್‌ಲೈನ್ ಮಾರಾಟಗಾರರನ್ನೋ ಅವಲಂಬಿಸಬೇಕು. ಪೂರ್ಣ ಹಾಳೆಯನ್ನು ಸುರುಳಿ ಸುತ್ತಿ ಕೊಳವೆಯಲ್ಲಿ ಕಳಿಸುವವರಿಗಿಂತ ಎರಡು ರಟ್ಟುಗಳ ನಡುವೆ ಮಟ್ಟಸವಾಗಿ ಕಟ್ಟಿ ಕಳಿಸುವವರಿಂದ ತರಿಸಿಕೊಳ್ಳುವುದು ಒಳ್ಳೆಯದು. ಒಬ್ಬ ಮಾರಾಟಗಾರ ಸುತ್ತಿ ಕಳಿಸಿದ ಹಾಳೆಗಳ ಮೈಮೇಲೆ ಸಣ್ಣ ಮಡಿಕೆಗಳಾಗಿ, ವಾಶ್ ಹಚ್ಚಿದಾಗ ಅವೆಲ್ಲ ಕಪ್ಪು ಗೆರೆಗಳಾಗಿ ಮೂಡಿದವು. ದೂರಿಗೆ ಉತ್ತರ ಬರಲಿಲ್ಲ. ನಾಲ್ಕೈದು ಜನ ಸೇರಿ ಒಟ್ಟಿಗೆ ತರಿಸಿದರೆ ಸಾಗಣೆಯ ವೆಚ್ಚ ಹಂಚಿಹೋಗುತ್ತದೆ, ಒಬ್ಬೊಬ್ಬರು ಒಂದೊಂದು ಬಗೆಯ ಹಾಳೆಯನ್ನು ಕೊಂಡು ತುಂಡುಗಳನ್ನು ಅದಲುಬದಲು ಮಾಡಿಕೊಂಡರೆ ಮೂರನ್ನೂ ಪರೀಕ್ಷಿಸಿದಂತೆಯೂ ಆಗುತ್ತದೆ.

ಮಳೆಗಾಲದಲ್ಲಿ ಒಂದೇ ಕಾಗದ ಕೊಳ್ಳಲು ಸಾಧ್ಯವಿರುವವರಿಗೆ ನಾನು ಸಾಂಡರ್ಸ್ ವಾಟರ್‌ಫರ್ಡ್ ಹೈ ವೈಟನ್ನು ಹೇಳುತ್ತೇನೆ. ಮಂಜು, ಮೋಡ, ನೆನೆದ ಕಾಡು ಇವೇ ನಮ್ಮ ನಾಲ್ಕು ತಿಂಗಳ ವಿಷಯಗಳಾಗಿರುವಾಗ ಅದಕ್ಕಿಂತ ಹೊಂದುವ ಹಾಳೆ ಈ ಮೂರರಲ್ಲಿ ಇಲ್ಲ. ದೇವಾಲಯ, ಹಳೆಯ ತೊಟ್ಟಿಮನೆ, ಮಾರುಕಟ್ಟೆ ಇತ್ಯಾದಿ ಪದರ ಪದರವಾಗಿ ಕಟ್ಟಬೇಕಾದ ಚಿತ್ರಗಳಿಗೆ, ಅದರಲ್ಲೂ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ದಿನಗಳಲ್ಲಿ, ಹೆಚ್ಚಿನ ಬೆಲೆ ತೆತ್ತಾದರೂ ಆರ್ಚಸ್ ಕೊಳ್ಳಬಹುದು. ಲಿಫ್ಟಿಂಗ್‌ನಲ್ಲಿ ಆಸಕ್ತಿಯಿರುವವರಿಗೆ, ಸಣ್ಣ ವಿವರಗಳ ಹೂವು ಹಕ್ಕಿ ಬಿಡಿಸುವವರಿಗೆ, ಪ್ರಾಣಿಜನ್ಯ ಲೇಪ ಬೇಡವೆನ್ನುವವರಿಗೆ ಫ್ಯಾಬ್ರಿಯಾನೋ ಇದೆ. ಹಣ ಕೂಡಿಬಂದವರು ಯಾವುದೇ ತಯಾರಕರ 640 ಜಿಎಸ್‌ಎಂ ಹಾಳೆಯನ್ನು ಒಮ್ಮೆ ಬಳಸಿ ನೋಡಲಿ: ಅದನ್ನು ಹಲಗೆಗೆ ಬಿಗಿಯುವ ಅಗತ್ಯವೇ ಇಲ್ಲ, ಎಷ್ಟು ನೆನೆದರೂ ಹೆಚ್ಚುಕಡಿಮೆ ಮಟ್ಟಸವಾಗಿರುತ್ತದೆ. ಆದರೆ ಅಷ್ಟು ದಪ್ಪದ ಕಾಗದ ಕುಡಿದ ನೀರು ಜುಲೈನಲ್ಲಿ ಆರಲು ಒಂದು ದಿನವೂ ಸಾಲದಿರಬಹುದು, ಆದ್ದರಿಂದ ಅದನ್ನು ದೀಪಾವಳಿ ಕಳೆದ ಮೇಲೆ ತರಿಸುವುದು ಉಚಿತ.